ತಲೆಗೆ ಸಾವಿರದ ಎಂಟುನೂರು: ಹೋಂಸ್ಟೇ ಲೆಕ್ಕದಲ್ಲಿ ನಾವು ಎಡವಿದ ಬಗೆ

2025ರ ಡಿಸೆಂಬರ್ ಕೊನೆಯ ವಾರದಲ್ಲಿ ನಮ್ಮ ಮೂರು ಮನೆಯವರು ಸೇರಿ ಮೂಡಿಗೆರೆ ಕಡೆಯ ಒಂದು ಹೋಂಸ್ಟೇಯಲ್ಲಿ ಎರಡು ರಾತ್ರಿ ತಂಗಿದ್ದೆವು. 41,400 ರೂಪಾಯಿ ಆಗುತ್ತದೆಂದು ಲೆಕ್ಕ ಹಾಕಿಕೊಂಡು ಹೋದವರು 61,500 ರೂಪಾಯಿ ಕೊಟ್ಟು ಬಂದೆವು. ಆ ಜಾಗದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥದೇ ಲೆಕ್ಕ ಮಲೆನಾಡು, ಕೊಡಗಿನಲ್ಲಿ ಇನ್ನೂ ಎಷ್ಟೋ ಕಡೆ ನಡೆಯುವುದರಿಂದ, ಗುಂಪಾಗಿ ಹೋಗುವವರಿಗೆ ಹೆಸರಿಗಿಂತ ಆ ಲೆಕ್ಕದ ಒಳಗುಟ್ಟು ತಿಳಿದಿರುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತಪ್ಪು ಫೋನಿನಲ್ಲೇ ಶುರುವಾಯಿತು. ನಾನು ಕೇಳಿದ್ದು ಒಂದೇ ಪ್ರಶ್ನೆ, ಮಾಲೀಕರು ಹೇಳಿದ್ದು ಒಂದೇ ಉತ್ತರ: "ತಲೆಗೆ ಸಾವಿರದೆಂಟ್ನೂರು ಸಾರ್, ರಾತ್ರಿ ಊಟ, ಬೆಳಗ್ಗೆ ತಿಂಡಿ ಎಲ್ಲಾ ಸೇರಿ. ಮಕ್ಕಳಿಗೆ ಅರ್ಧ." ನಮ್ಮಲ್ಲಿ ಅಮ್ಮನೂ ಸೇರಿ ದೊಡ್ಡವರು ಹತ್ತು ಮಂದಿ, ಹನ್ನೆರಡು, ಒಂಬತ್ತು, ಏಳು ಮತ್ತು ಮೂರು ವರ್ಷದ ನಾಲ್ಕು ಮಕ್ಕಳು. ಹತ್ತು ತಲೆಗೆ 18,000, ಮೂವರು ಮಕ್ಕಳಿಗೆ ಅರ್ಧದಂತೆ 2,700, ಚಿಕ್ಕದಕ್ಕೆ ಏನೂ ಇಲ್ಲ, ಒಂದು ರಾತ್ರಿಗೆ 20,700 ಎಂದು ನಾನೇ ಕೂಡಿ, ಅದನ್ನು ಇಮ್ಮಡಿ ಮಾಡಿ, ಮನೆಮಂದಿಗೆ ತಿಳಿಸಿ, 20,000 ರೂಪಾಯಿ ಮುಂಗಡವನ್ನು ಯುಪಿಐ ಮೂಲಕ ಕಳಿಸಿಬಿಟ್ಟೆ. ಈ ಲೆಕ್ಕವನ್ನು ಮಾಲೀಕರಿಗೆ ಒಮ್ಮೆ ಓದಿ ಹೇಳಬೇಕೆಂಬುದು ಮಾತ್ರ ಹೊಳೆಯಲಿಲ್ಲ.

ನಾವು ತಲುಪಿದಾಗ ಸಂಜೆಯಾಗಿತ್ತು. ಮೂರು ಕೋಣೆಗಳನ್ನು ತೋರಿಸಿದ ಮಾಲೀಕರು, ಅಮ್ಮ ಮೆಟ್ಟಿಲು ಹತ್ತಲು ಕಷ್ಟಪಡುವುದನ್ನು ನೋಡಿ, "ಕೆಳಗಡೆ ಇನ್ನೊಂದು ರೂಮ್ ಖಾಲಿ ಇದೆ, ಅಮ್ಮ ಅಲ್ಲೇ ಮಲಗಲಿ ಬಿಡಿ" ಎಂದು ತಾವೇ ಬೀಗ ತೆಗೆದುಕೊಟ್ಟರು. ಎಂಥ ಒಳ್ಳೆಯ ಮನುಷ್ಯ ಎಂದು ಆ ರಾತ್ರಿ ಊಟಕ್ಕೆ ಕುಳಿತಾಗ ನಾವೆಲ್ಲ ಮಾತಾಡಿಕೊಂಡೆವು. ಊಟವೂ ಚೆನ್ನಾಗಿತ್ತು, ಅದರಲ್ಲಿ ದೂರಲು ಏನೂ ಇಲ್ಲ.

ಹೊರಡುವ ದಿನ ಬೆಳಿಗ್ಗೆ ಜಗಲಿಯ ಮೇಲೆ ಉದ್ದನೆಯ ನೋಟ್‌ಬುಕ್ ಹಿಡಿದು ಕುಳಿತ ಮಾಲೀಕರು ಮೊದಲ ಸಾಲಿನಲ್ಲಿ "ರೂಮ್ 4, ಜನ 16" ಎಂದು ಬರೆದರು. ಎದುರಿನ ಕಣದಲ್ಲಿ ಕಾಫಿ ಹಣ್ಣು ಒಣಗುತ್ತಿತ್ತು, ನಮ್ಮ ಮಕ್ಕಳು ಅದರ ಅಂಚಿನಲ್ಲಿ ಓಡಾಡುತ್ತಿದ್ದರು. ನಾನು ಅವರನ್ನೂ ಸೇರಿಸಿ ಮತ್ತೊಮ್ಮೆ ಎಣಿಸಿದೆ.

"ನಾವು ಹದಿನಾಲ್ಕೇ ಜನ ಅಲ್ವಾ?"

"ರೂಮ್ ನಾಲ್ಕು ತಗೊಂಡ್ರಲ್ಲ ಸಾರ್. ಸಾವಿರದೆಂಟ್ನೂರು ಅನ್ನೋದು ಫೋರ್ ಶೇರಿಂಗ್ ರೇಟು. ರೂಮಿಗೆ ನಾಲ್ಕು ತಲೆ ಲೆಕ್ಕ."

ಅಂದರೆ ತಲೆಲೆಕ್ಕವೆಂದು ನಾನು ತಿಳಿದದ್ದು ನಿಜದಲ್ಲಿ ಕೋಣೆಲೆಕ್ಕವಾಗಿತ್ತು. ಒಂದು ಕೋಣೆಗೆ ದಿನಕ್ಕೆ 7,200 ರೂಪಾಯಿ ಬರಬೇಕೆಂಬುದು ಅವರ ಗುರಿ. ಅದನ್ನು ನಾಲ್ಕರಿಂದ ಭಾಗಿಸಿದಾಗ ಸಿಗುವ ಸಣ್ಣ ಮೊತ್ತವನ್ನು ಫೋನಿನಲ್ಲಿ ಹೇಳುತ್ತಾರೆ. ಕೋಣೆಯಲ್ಲಿ ಇಬ್ಬರೇ ಮಲಗಿದರೂ ನಾಲ್ಕು ತಲೆಯ ಹಣ ಕೊಡಬೇಕು, ಅಥವಾ ತಲೆಯ ದರವೇ ಏರುತ್ತದೆ. ಹೀಗಾಗಿ ಮೂರು ವರ್ಷದ ಮಗುವೂ ಒಂದು ತಲೆಯಾಯಿತು, ಬಾರದೇ ಇದ್ದ ಇಬ್ಬರು ಎರಡು ತಲೆಯಾದರು, "ಮಕ್ಕಳಿಗೆ ಅರ್ಧ" ಎಂಬ ಮಾತಿಗೆ ಜಾಗವೇ ಉಳಿಯಲಿಲ್ಲ. ಆ ಮಾತನ್ನು ನೆನಪಿಸಿದಾಗ, ಅದು ತಂದೆತಾಯಿಯ ಹಾಸಿಗೆಯಲ್ಲೇ ಮಲಗುವ ಮಕ್ಕಳಿಗೆ ಮಾತ್ರ, ಬೇರೆ ಹಾಸಿಗೆ ಕೊಟ್ಟ ಮೇಲೆ ಪೂರ್ತಿ ದರ ಎಂಬ ಉತ್ತರ ಬಂತು. ಹದಿನಾರು ತಲೆ, ಎರಡು ರಾತ್ರಿ: 57,600. ಅಮ್ಮನಿಗೆಂದು ತೆರೆದ ಕೆಳಗಿನ ಕೋಣೆಯೊಂದರ ಪಾಲೇ ಅದರಲ್ಲಿ 14,400.

ಉಳಿದವು ಚಿಲ್ಲರೆ ಬಾಬ್ತುಗಳು. ನಮ್ಮ ಟಿಟಿ (ಟೆಂಪೊ ಟ್ರಾವೆಲರ್) ಚಾಲಕನ ಊಟಕ್ಕೆ ದಿನಕ್ಕೆ 500ರಂತೆ 1,000. ಒಂದು ರಾತ್ರಿ ಹಚ್ಚಿದ ಕ್ಯಾಂಪ್‌ಫೈರ್‌ಗೆ 1,500. ಒಂದು ಸಂಜೆಯ ಬಜ್ಜಿ ಮತ್ತು ಕಾಫಿಗೆ ತಲೆಗೆ 100ರಂತೆ 1,400. ತಮಾಷೆಯೆಂದರೆ, ಬಜ್ಜಿಯ ಲೆಕ್ಕಕ್ಕೆ ಮಾತ್ರ ನಾವು ಹದಿನಾಲ್ಕೇ ಜನ.

ಕೊನೆಯಲ್ಲಿ ಶೇಕಡಾ 12 ಜಿಎಸ್‌ಟಿ ಎಂದು 7,380 ರೂಪಾಯಿ ಸೇರಿಸಿ 68,880 ಎಂದು ಗೆರೆ ಎಳೆದರು. ಇಲ್ಲಿ ನನಗೆ ಸ್ವಲ್ಪ ತಿಳಿವಳಿಕೆ ಇತ್ತು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಅದಕ್ಕಿಂತ ಮುಖ್ಯವಾಗಿ, ಜಿಎಸ್‌ಟಿ ನೋಂದಣಿ ಇಲ್ಲದವರು ತೆರಿಗೆಯೆಂದು ಒಂದು ರೂಪಾಯಿಯನ್ನೂ ವಸೂಲು ಮಾಡುವಂತಿಲ್ಲ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದ ಸಣ್ಣ ಹೋಂಸ್ಟೇಗಳಿಗೆ ಸಾಮಾನ್ಯವಾಗಿ ಈ ನೋಂದಣಿಯ ಅಗತ್ಯವೇ ಇರುವುದಿಲ್ಲ. ನೋಂದಣಿ ಸಂಖ್ಯೆಯಿರುವ ಬಿಲ್ಲು ಕೊಡಿ ಎಂದೆ. "ಆಯ್ತು ಬಿಡಿ ಸಾರ್, ಅದು ಬೇಡ" ಎಂದು ಆ ಸಾಲನ್ನು ಹೊಡೆದುಹಾಕಿದರು. ಮುಂಗಡ ಕಳೆದು 41,500 ರೂಪಾಯಿ ಕೊಟ್ಟೆವು. ಕೊಡದೆ ಏನು ಮಾಡುವುದು? ಅಮ್ಮ ಆಗಲೇ ಗಾಡಿಯಲ್ಲಿ ಕುಳಿತಿದ್ದರು, ಸಾಮಾನೆಲ್ಲ ಏರಿಸಿ ಆಗಿತ್ತು. ಗುಂಪಿನ ಮುಂದೆ ಹಣದ ಜಗಳ ಮಾಡಲು ನಮ್ಮಲ್ಲಿ ಹೆಚ್ಚಿನವರಿಗೆ ಸಂಕೋಚ, ಮತ್ತು ಈ ಸಂಕೋಚ ಎದುರಿನವರಿಗೂ ಗೊತ್ತಿರುತ್ತದೆ.

ತಲೆಲೆಕ್ಕವೇ ಮೋಸವೆಂದು ನಾನು ಹೇಳುವುದಿಲ್ಲ. ಮೂರು ಹೊತ್ತು ಅಡುಗೆ ಮಾಡಿ ಬಡಿಸುವ ಮನೆಯಲ್ಲಿ ಖರ್ಚು ಏರುವುದು ಜನರ ಸಂಖ್ಯೆಗೆ ತಕ್ಕಂತೆಯೇ. ಡಿಸೆಂಬರ್ ಎಂದರೆ ಕಾಫಿ ಕೊಯ್ಲಿನ ಕಾಲವಾದ್ದರಿಂದ ತೋಟಕ್ಕೂ ಅಡುಗೆಮನೆಗೂ ಆಳು ಸಿಗುವುದು ಕಷ್ಟ. ನಮಗೆ ಕೊಟ್ಟ ಕೋಣೆಯನ್ನು ರಜೆಯ ವಾರದಲ್ಲಿ ಇನ್ನೊಬ್ಬರಿಗೆ ಕೊಟ್ಟಿದ್ದರೆ ಅದು ತುಂಬುತ್ತಿತ್ತು ಎಂಬುದೂ ನಿಜ. ಕೋಣೆಗೆ ಇಷ್ಟು ಎಂದು ಮೊದಲೇ ಹೇಳಿದ್ದರೆ ನಾವು ಮೂರೇ ಕೋಣೆಯಲ್ಲಿ ಹೊಂದಿಕೊಳ್ಳುತ್ತಿದ್ದೆವೋ, ನಾಲ್ಕಕ್ಕೆ ಒಪ್ಪುತ್ತಿದ್ದೆವೋ, ಬೇರೆ ಕಡೆ ನೋಡುತ್ತಿದ್ದೆವೋ, ಆ ತೀರ್ಮಾನ ನಮ್ಮ ಕೈಯಲ್ಲಿರುತ್ತಿತ್ತು. ನನ್ನ ತಕರಾರು ಇರುವುದು ಇಲ್ಲಿಯೇ.

ಇಡೀ ಮನೆಯನ್ನು ಬಾಡಿಗೆಗೆ ಕೊಡುವ ಆ್ಯಪ್‌ಗಳಲ್ಲಿ ಲೆಕ್ಕ ಬೇರೆಯಾದರೂ ಎಡವುವ ಜಾಗಗಳು ಇದ್ದೇ ಇವೆ. ಅಲ್ಲಿ ಮೂಲ ದರ ಇಂತಿಷ್ಟು ಜನರಿಗೆಂದು ಇದ್ದು, ಮೇಲಿನ ಪ್ರತಿಯೊಬ್ಬರಿಗೂ ಬೇರೆ ಶುಲ್ಕ ಸೇರುವುದುಂಟು. ಸ್ವಚ್ಛತೆಯ ಶುಲ್ಕ ಪ್ರತ್ಯೇಕ. "ಹದಿನಾರು ಜನ ಮಲಗಬಹುದು" ಎಂದರೆ ಅದರಲ್ಲಿ ಆರು ಜನ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗುವವರೂ ಆಗಿರಬಹುದು. ಅಟ್ಲಾಂಟಾದಲ್ಲಿರುವ ನನ್ನ ತಂಗಿಯ ಮನೆಯವರು ಸ್ಮೋಕಿ ಬೆಟ್ಟಗಳ ಮರದ ಕ್ಯಾಬಿನ್‌ಗಳಿಗೆ ಹೋಗುವಾಗ ಇದೇ ಸಂಕಟಪಡುತ್ತಿದ್ದರು. ಅಮೆರಿಕದಲ್ಲಿ 2025ರ ಮೇ 12ರಿಂದ ಜಾರಿಯಾದ ನಿಯಮದಂತೆ, ಇಂಥ ವಸತಿಗಳು ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿದ ಒಟ್ಟು ದರವನ್ನೇ ಮೊದಲು ತೋರಿಸಬೇಕಾಗಿದೆ. ನಮ್ಮಲ್ಲಿಯೂ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ, ದರದ ಭಾಗಗಳನ್ನು ಮೊದಲು ಮುಚ್ಚಿಟ್ಟು ಕೊನೆಗೆ ಒಂದೊಂದಾಗಿ ಸೇರಿಸುವ ಪದ್ಧತಿಯನ್ನು ಗ್ರಾಹಕರನ್ನು ದಾರಿ ತಪ್ಪಿಸುವ ಹದಿಮೂರು ತಂತ್ರಗಳಲ್ಲಿ ಒಂದೆಂದು ಹೆಸರಿಸಲಾಗಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಆದರೆ ದೂರಿಗೆ ಆಧಾರ ಬೇಕಲ್ಲ. ನನ್ನ ಬಳಿ ಇದ್ದದ್ದು ಒಂದು ಫೋನ್ ಮಾತು ಮತ್ತು ನೋಟ್‌ಬುಕ್ಕಿನಿಂದ ಹರಿದ ಹಾಳೆ.

ಆದ್ದರಿಂದ ಈಗ ದರ ಕೇಳುವುದನ್ನು ನಿಲ್ಲಿಸಿ, ನಮ್ಮ ಲೆಕ್ಕವನ್ನೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸುತ್ತೇನೆ: ದೊಡ್ಡವರು ಇಷ್ಟು, ಮಕ್ಕಳು ಇಷ್ಟು ಮತ್ತು ಅವರ ವಯಸ್ಸು, ಬೇಕಾದ ಕೋಣೆಗಳು ಇಷ್ಟು, ಬರುವ ಹೋಗುವ ದಿನಾಂಕ, ಚಾಲಕ ಒಬ್ಬ, ಯಾವ ಯಾವ ಹೊತ್ತಿನ ಊಟ, ಕ್ಯಾಂಪ್‌ಫೈರ್ ಬೇಕೋ ಬೇಡವೋ, ಇಬ್ಬರು ಬರದೆ ಹೋದರೆ ಎಷ್ಟು ಕಡಿಮೆಯಾಗುತ್ತದೆ, ಮತ್ತು ತೆರಿಗೆಯೂ ಸೇರಿ ಕೊನೆಯ ದಿನ ನಾವು ಕೊಡಬೇಕಾದ ಒಟ್ಟು ಮೊತ್ತ ಎಷ್ಟು. ಅಲ್ಲಿಗೆ ಹೋದ ಮೇಲೆ ಯಾರಾದರೂ ಇನ್ನೊಂದು ಬೀಗ ತೆಗೆದುಕೊಟ್ಟರೆ, ಒಳಗೆ ಚೀಲ ಇಡುವ ಮೊದಲು ಅದರ ಬೆಲೆ ಕೇಳುತ್ತೇನೆ. ಮುಂದಿನ ಸಲ ಸಕಲೇಶಪುರದ ಕಡೆ ಹೊರಟಾಗ ಈ ಸಂದೇಶವನ್ನು ಮೂರು ಕಡೆಗೆ ಕಳಿಸಿದೆ. ಒಬ್ಬರು "ಬನ್ನಿ ಸಾರ್, ಮಾತಾಡೋಣ" ಎಂದರು, ಒಬ್ಬರು ಉತ್ತರಿಸಲಿಲ್ಲ, ಮೂರನೆಯವರು ಹತ್ತೇ ನಿಮಿಷದಲ್ಲಿ ಒಟ್ಟು ಮೊತ್ತವನ್ನು ಬರೆದು ಕಳಿಸಿದರು. ಮುಂಗಡವನ್ನು ಅವರಿಗೇ ಕಳಿಸಿದೆ.