ಹವಾಯಿಯ ಪುನಾದಲ್ಲಿ ಮನೆ ನೋಡುತ್ತಿರುವವರೇ, ತುಂಬಿದ ಟ್ಯಾಂಕ್ ನೋಡಿ ಸಹಿ ಹಾಕಬೇಡಿ

ಎರಡು ವರ್ಷ ಬಾಯಿ ಬಿಡಲಿಲ್ಲ ನಾನು. ನಾಚಿಕೆಗೆ ಬಿಡಲಿಲ್ಲ. ಊರಲ್ಲಿ ಅಮ್ಮನಿಗೂ ಪೂರ್ತಿ ಹೇಳಿಲ್ಲ, "ಚೆನ್ನಾಗಿದೆ, ನಮ್ಮ ಕಡೆ ಥರಾನೇ ಮಳೆ, ಹಸಿರು" ಅಂತ ಫೋನಲ್ಲಿ ಹೇಳಿಕೊಂಡು ಬಂದೆ. ಆದರೆ ಕಳೆದ ತಿಂಗಳು ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡದ ಕುಟುಂಬವೊಂದು "ನೀವು ಹವಾಯಿಯ ಬಿಗ್ ಐಲ್ಯಾಂಡಲ್ಲಿ ಇದ್ದೀರಂತೆ, ನಾವೂ ಪುನಾ ಕಡೆ ಜಾಗ ನೋಡ್ತಿದ್ದೀವಿ" ಅಂತ ಕೇಳಿದರು. ಅವರು ಕಳಿಸಿದ ಜಾಹೀರಾತು ನೋಡಿದೆ. ನಮಗೆ ಮನೆ ಮಾರಿದ ಅದೇ ಮನುಷ್ಯ. ಇನ್ನು ಸುಮ್ಮನಿರಲು ಆಗುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಾನು ಕೊಪ್ಪದ ಕಡೆಯವಳು. ಅದೇ ಬೇ ಏರಿಯಾದ ಸ್ಯಾನ್ ಹೋಸೆಯಲ್ಲಿ ಹತ್ತೊಂಬತ್ತು ವರ್ಷ. ಅಲ್ಲಿನ ಒಣ ಗುಡ್ಡ ನೋಡಿ ನೋಡಿ ಸಾಕಾಗಿ, ಮಗ ಕಾಲೇಜಿಗೆ ಹೋದ ಮೇಲೆ ಮಳೆ ಬೀಳುವ ಜಾಗದಲ್ಲಿ ಒಂದು ಎಕರೆ ಬೇಕು ಅನ್ನುವುದೊಂದೇ ಹಠ. ಹವಾಯಿಯ ಬೇರೆ ದ್ವೀಪಗಳಲ್ಲಿ ನಮ್ಮಂಥವರಿಗೆ ಎಕರೆಯ ಮಾತೇ ಇಲ್ಲ. ಬಿಗ್ ಐಲ್ಯಾಂಡಿನ ಪೂರ್ವದಲ್ಲಿ, ಹಿಲೋ ಪಟ್ಟಣದ ದಕ್ಷಿಣಕ್ಕಿರುವ ಪುನಾ ಜಿಲ್ಲೆಯಲ್ಲಿ ಅಗ್ಗ. ಯಾಕೆ ಅಗ್ಗ ಅಂತ ಕೇಳಬೇಕಿತ್ತಲ್ಲ? ಕೇಳಿದೆ. ಅವನು ಹೇಳಿದ, ನಂಬಿದೆ.

ಅಗ್ಗ ಯಾಕೆ ಅಂದರೆ ಅದು ಕಿಲವೇಯ ಜ್ವಾಲಾಮುಖಿಯ ಮೈಮೇಲಿನ ನೆಲ. 1950ರ ದಶಕದ ಕೊನೆಯಿಂದ 60ರ ದಶಕದವರೆಗೆ ಇಲ್ಲಿ ಕಾಗದದ ಮೇಲೆ ಗೆರೆ ಎಳೆದು ಸಾವಿರಾರು ನಿವೇಶನ ಮಾಡಿ, ನೆಲ ಕಣ್ಣಲ್ಲೂ ನೋಡದವರಿಗೆ ಮಾರಿದರು. ರಸ್ತೆ ಹೆಸರಿಗಷ್ಟೇ. ನೀರಿಲ್ಲ, ಚರಂಡಿ ಇಲ್ಲ. ಬಹಳಷ್ಟು ಬಡಾವಣೆಗಳಲ್ಲಿ ಈಗಲೂ ರಸ್ತೆ ಖಾಸಗಿ, ಗುಂಡಿ ಮುಚ್ಚುವ ಹೊಣೆ ಕೌಂಟಿಯದಲ್ಲ (ಕೌಂಟಿ ಅಂದರೆ ಇಲ್ಲಿನ ಸ್ಥಳೀಯ ಆಡಳಿತ), ನಿವಾಸಿಗಳ ಸಂಘದ್ದು. ಕಸ ಎತ್ತಲು ಕೌಂಟಿಯವರು ಬರುವುದಿಲ್ಲ, ಟ್ರಾನ್ಸ್‌ಫರ್ ಸ್ಟೇಷನ್ ಅನ್ನುವ ಕಸ ಸಂಗ್ರಹದ ಜಾಗಕ್ಕೆ ನಾವೇ ಹೊತ್ತು ಹೋಗಬೇಕು. ಇದೆಲ್ಲ ನಮಗೆ ಗೊತ್ತಿತ್ತು. ಹಳ್ಳಿಯಲ್ಲಿ ಬೆಳೆದವರಿಗೆ ಇದೇನು ದೊಡ್ಡದು ಅನ್ನುವ ಧೈರ್ಯ. ಆ ಧೈರ್ಯವನ್ನೇ ಅವನು ಹಿಡಿದುಕೊಂಡ.

2022ರಲ್ಲಿ ನಾವಿಬ್ಬರೂ ಹೋಗಿ ನೋಡಿದೆವು. ಪಹೋವಾ ಊರಿನಿಂದ ಸಮುದ್ರದ ಕಡೆಗೆ ಇಳಿಯುವ ದಾರಿಯಲ್ಲಿ ಒಂದು ಬಡಾವಣೆ. ಎರಡು ಕೋಣೆಯ ಮರದ ಮನೆ, ತಗಡಿನ ಮಾಡು, ಒಂದು ಎಕರೆ. ಬಾಳೆ, ಪಪಾಯ, ಅಂಚಿನಲ್ಲಿ ಓಹಿಯಾ ಮರಗಳು. ಮನೆ ಪಕ್ಕ ದುಂಡನೆಯ ದೊಡ್ಡ ಟ್ಯಾಂಕ್, ಹತ್ತು ಸಾವಿರ ಗ್ಯಾಲನ್ನಿನದು, ಅಂದರೆ ಸುಮಾರು ಮೂವತ್ತೆಂಟು ಸಾವಿರ ಲೀಟರ್. ಇಲ್ಲಿ ಎಷ್ಟೋ ಮನೆಗಳಿಗೆ ಮಾಡಿನಿಂದ ಹರಿದು ಬರುವ ಮಳೆನೀರೇ ಗತಿ. ಅವನು ನನ್ನನ್ನು ಏಣಿ ಹತ್ತಿಸಿ ಮುಚ್ಚಳ ಸರಿಸಿ ತೋರಿಸಿದ. ಅಂಚಿನವರೆಗೂ ನೀರು! ತಿಳಿನೀರು. "ಆರು ವರ್ಷದಲ್ಲಿ ಒಂದೇ ಒಂದು ಸಲವೂ ನೀರು ಕೊಂಡಿಲ್ಲ. ಆಕಾಶವೇ ಕೊಡುತ್ತದೆ" ಅಂದ.

ಆ ನೀರು ನೋಡಿ ನನಗೆ ಮನೆಯ ಬಾವಿ ನೆನಪಾಯಿತು. ಕಣ್ಣು ತುಂಬಿತ್ತು. ಅವನ ಎದುರಿಗೇ ಇವರಿಗೆ "ರೀ, ಇದೇ ಸಾಕು" ಅಂದುಬಿಟ್ಟೆ. ಭಾಷೆ ಅರ್ಥವಾಗದಿದ್ದರೂ ಮುಖ ನೋಡಿದರೆ ತಿಳಿಯುತ್ತದಲ್ಲ, ತಿಳಿದುಕೊಂಡ.

ಬೆಲೆ ಒಂದು ಲಕ್ಷ ಎಂಬತ್ತೈದು ಸಾವಿರ ಡಾಲರ್. ಪೂರ್ತಿ ನಗದು. "ಬ್ಯಾಂಕಿನ ರಗಳೆ ಯಾಕೆ, ಎರಡು ವಾರದಲ್ಲಿ ಮುಗಿಸೋಣ. ಆರೆಗನ್ನಿನಿಂದ ಇನ್ನೊಬ್ಬರು ಶನಿವಾರ ಬರುತ್ತಿದ್ದಾರೆ" ಅಂದ. ಏಜೆಂಟ್ ಬೇಡ, ಕಮಿಷನ್ ಉಳಿಯುತ್ತದೆ ಅಂದ. ಅದೂ ಸರಿ ಅನ್ನಿಸಿತು. ಈಗ ಅರ್ಥವಾಗುತ್ತದೆ. ಬ್ಯಾಂಕು ನಡುವೆ ಬಂದಿದ್ದರೆ ವಿಮೆ ಕೇಳುತ್ತಿತ್ತು, ವಿಮೆಯವರು ಲಾವಾ ವಲಯ ಕೇಳುತ್ತಿದ್ದರು, ಮನೆಯ ಪರ್ಮಿಟ್ ಕೇಳುತ್ತಿದ್ದರು. ಕೇಳುವವರನ್ನೆಲ್ಲ ದೂರ ಇಟ್ಟು ವ್ಯಾಪಾರ ಮುಗಿಸಿದ.

ಲಾವಾ ವಲಯ ನಾನೇ ಕೇಳಿದ್ದೆ. ಬಾಯಿಬಿಟ್ಟು ಕೇಳಿದ್ದೆ. ಅಮೆರಿಕದ ಭೂವಿಜ್ಞಾನ ಇಲಾಖೆ ಈ ದ್ವೀಪವನ್ನು 1ರಿಂದ 9ರವರೆಗೆ ವಲಯ ಮಾಡಿದೆ, 1 ಎಲ್ಲಕ್ಕಿಂತ ಅಪಾಯ. "ಇದು ಮೂರು" ಅಂದ. ಮೂರು ಅಂದರೆ ಹಿಲೋ ಪಟ್ಟಣವೂ ಮೂರರಲ್ಲೇ ಇದೆಯಲ್ಲ, ಪರವಾಗಿಲ್ಲ ಅಂದುಕೊಂಡೆವು. ಮನೆಗೆ ಬಂದು ನಕ್ಷೆ ತೆರೆದು ನೋಡಲು ಹತ್ತು ನಿಮಿಷ ಸಾಕಿತ್ತು. ಹತ್ತು ನಿಮಿಷ!

2023ರ ಜನವರಿಯಲ್ಲಿ ಸಾಮಾನು ಸಮೇತ ಬಂದೆವು. ಮೊದಲ ರಾತ್ರಿ ನಿದ್ದೆ ಇಲ್ಲ. ಕೋಕಿ ಕಪ್ಪೆಗಳು. ಪೋರ್ಟೊ ರಿಕೋದಿಂದ ಗಿಡದ ಕುಂಡಗಳ ಜೊತೆ ಬಂದು ಸೇರಿಕೊಂಡವು, ಹೆಬ್ಬೆರಳಿನಷ್ಟೂ ಇಲ್ಲ, ಸಂಜೆಯಿಂದ ಬೆಳಗಿನವರೆಗೆ ಕಿರುಚುತ್ತವೆ. ನಮ್ಮ ಮಳೆಗಾಲದ ಕಪ್ಪೆಯ ಸದ್ದು ಬೇರೆ, ಇದು ಬೇರೆ, ಪಕ್ಕದಲ್ಲಿದ್ದವರ ಮಾತು ಕೇಳಿಸುವುದಿಲ್ಲ. ಅವನು ನಮ್ಮನ್ನು ಕರೆಸಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಮತ್ತೆ ಇರುವೆ. ಲಿಟಲ್ ಫೈರ್ ಆಂಟ್ ಅನ್ನುತ್ತಾರೆ, ಬಾಳೆಗೊನೆ ಕಡಿಯಲು ಹೋದರೆ ಎಲೆಯಿಂದ ಕತ್ತಿನೊಳಗೆ ಉದುರುತ್ತವೆ, ಮೂರು ದಿನ ಉರಿ. ಇವೆಲ್ಲ ಪುನಾದಲ್ಲಿ ಬಹಳ ಕಡೆ ಇವೆ, ಇದಕ್ಕೆ ಅವನನ್ನು ದೂರುವುದಿಲ್ಲ. ಆದರೆ ಬರೆದುಕೊಟ್ಟ ಕಾಗದದಲ್ಲಿ ಕೀಟದ ಪ್ರಶ್ನೆಗೆ "ನನ್ನ ತಿಳಿವಿಗೆ ಬಂದಂತೆ ಇಲ್ಲ" ಅಂತ ಗುರುತು ಹಾಕಿದ್ದಾನೆ. ಆರು ವರ್ಷ ಅಲ್ಲೇ ಮಲಗಿ ಎದ್ದವನು.

ಹದಿಮೂರನೇ ದಿನ ನಲ್ಲಿಯಲ್ಲಿ ಗಾಳಿ ಬಂತು.

ಇವರು ಏಣಿ ಹತ್ತಿ ನೋಡಿದರು. ತಳದಲ್ಲಿ ಒಂದು ಗೇಣು ನೀರು, ಅದರಲ್ಲಿ ಗೊಂಡೆಹುಳ, ಚಿಪ್ಪಿಲ್ಲದ ಬಸವನಹುಳ. ಇಲ್ಲಿ ಗೊಂಡೆಹುಳ ಅಂದರೆ ಹೇಸಿಗೆಯಷ್ಟೇ ಅಲ್ಲ, ಅದರಿಂದ ರ್‍ಯಾಟ್ ಲಂಗ್‌ವರ್ಮ್ ಅನ್ನುವ ಜಂತು ಮನುಷ್ಯರ ಮಿದುಳಿನವರೆಗೂ ಹೋಗುತ್ತದೆ. ಹದಿಮೂರು ದಿನ ಅದೇ ನೀರಲ್ಲಿ ಸೊಪ್ಪು ತೊಳೆದಿದ್ದೆ. ಫಿಲ್ಟರ್ ಇದೆ ಅಂದಿದ್ದ. ಇತ್ತು, ಒಳಗಿನ ಕಾಟ್ರಿಜ್ ಇರಲಿಲ್ಲ.

ಪಕ್ಕದ ಮನೆಯ ಆಂಟಿ ನೀರಿನ ಲಾರಿಯವರ ನಂಬರ್ ಕೊಟ್ಟರು. (ಇಲ್ಲೂ ಹಿರಿಯರನ್ನು ಆಂಟಿ, ಅಂಕಲ್ ಅಂತಲೇ ಕರೆಯುವುದು, ನಮ್ಮ ಹಾಗೆಯೇ.) ಲಾರಿಯ ಅಂಕಲ್ ಬಂದರು. ಗೇಟಿನ ಹತ್ತಿರ ನಾನು ದಾರಿ ತೋರಿಸಲು ಹೋದರೆ, ತೋರಿಸುವುದೇ ಬೇಡ, ಹಿಮ್ಮುಖವಾಗಿ ಸೀದಾ ಟ್ಯಾಂಕಿನ ಬುಡಕ್ಕೇ ತಂದು ನಿಲ್ಲಿಸಿದರು. ಪೈಪು ಎಳೆಯುತ್ತಾ ಕೇಳಿದರು, "ಆ ಸೀಳಿದ ಲೈನರ್ ಬದಲಾಯಿಸಲೇ ಇಲ್ವಾ?"

ಯಾವ ಲೈನರ್ ಅಂದೆ.

"ಟ್ಯಾಂಕಿನ ಒಳಪದರ. ಕೆಳಗೆ ಸೀಳಿದೆ ಅಂತ ಆತನಿಗೆ ಹೇಳಿದ್ದೆನಲ್ಲ. ಕೊಳ್ಳುವವರು ಬರ್ತಾರೆ ಅಂತ ಆ ವಾರ ಎರಡು ಲೋಡ್ ನಾನೇ ಹಾಕಿದ್ದು."

ಕೊಳ್ಳುವವರು ಬರ್ತಾರೆ ಅಂತ. ಎರಡು ಲೋಡ್. ನಾನು ಏಣಿ ಹತ್ತಿ ಕಣ್ಣು ತುಂಬಿಕೊಂಡು ನೋಡಿದ್ದು ಅದನ್ನು. ಆಕಾಶದ ನೀರಲ್ಲ, ಅದೇ ವಾರ ಲಾರಿಯಲ್ಲಿ ಬಂದಿದ್ದ ನೀರು. ನನಗೆ ಕಾಲು ನಡುಗಿತು. ಆ ಹಿರಿಯರ ಮುಂದೆ ಅಳಬಾರದು ಅಂತ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ದುಡ್ಡು ಹೋದ ಸಂಕಟಕ್ಕಿಂತ, ನನ್ನ ಆಸೆಯನ್ನು ಓದಿಕೊಂಡು ಅದಕ್ಕೆ ತಕ್ಕಂತೆ ನೀರು ತುಂಬಿಸಿ ಇಟ್ಟನಲ್ಲ ಅನ್ನುವುದು ಇವತ್ತಿಗೂ ಉರಿಯುತ್ತದೆ.

ಅಪ್ಪ ತೋಟ ಕೊಳ್ಳುವಾಗ ಬಾವಿಯನ್ನು ಏಪ್ರಿಲ್ ಕೊನೆಯಲ್ಲಿ ನೋಡಿದ್ದರು, ದಾರಿಯನ್ನು ಆಷಾಢದಲ್ಲಿ ನೋಡಿದ್ದರು. ಒಂದು ವರ್ಷ ಓಡಾಡಿ ಕೊಂಡರು. ಅವರ ಮಗಳು ನಾನು ಒಂದು ಬೆಳಿಗ್ಗೆ ನೋಡಿ ಕೊಂಡೆ.

ಅವನಿಗೆ ಮೆಸೇಜ್ ಮಾಡಿದೆ. ಉತ್ತರ ಬಂದದ್ದು ಮೂರು ದಿನದ ಮೇಲೆ: "ನೀವು ಲೈನರ್ ಬಗ್ಗೆ ಕೇಳಲಿಲ್ಲ." ಅಷ್ಟೇ. ಮತ್ತೆ ಬರೆದೆ, ನೀರು ಕೊಂಡೇ ಇಲ್ಲ ಅಂದಿರಲ್ಲ ಅಂತ. "ಆ ಸಲ ಮಾತ್ರ. ಆತಿಥ್ಯಕ್ಕೆ ಅಂತ ತುಂಬಿಸಿದೆ." ಆತಿಥ್ಯ!

ಇನ್ನೊಂದು ಪೆಟ್ಟು ಬಾಕಿ ಇತ್ತು. ವಿಮೆಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ವಿಳಾಸ ಕೇಳಿ, ಟಿಎಂಕೆ (ಇಲ್ಲಿ ಪ್ರತಿ ಆಸ್ತಿಗೂ ಇರುವ ತೆರಿಗೆ ನಕ್ಷೆಯ) ಸಂಖ್ಯೆ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಇದು ವಲಯ ಎರಡು" ಅಂದಳು. ಎರಡಕ್ಕೆ ಹೆಚ್ಚಿನ ಕಂಪನಿಗಳು ವಿಮೆ ಕೊಡುವುದಿಲ್ಲ. ಅಂಥವರಿಗಾಗಿಯೇ ರಾಜ್ಯದ ಕಾನೂನಿನ ಪ್ರಕಾರ ಒಂದು ವ್ಯವಸ್ಥೆ ಇದೆಯಲ್ಲ ಅಂದೆ. "ಇದೆ. ಆದರೆ ನಿಮ್ಮ ಮನೆಗೆ ಕಟ್ಟಡದ ಪರ್ಮಿಟ್ಟೇ ಕಾಣುತ್ತಿಲ್ಲ. ಕೌಂಟಿ ದಾಖಲೆಯಲ್ಲಿ ಅಲ್ಲಿ ಮನೆಯೇ ಇಲ್ಲ, ಖಾಲಿ ನಿವೇಶನ." ನಾನು ಆ ಇಲ್ಲದ ಮನೆಯ ಅಡುಗೆಕೋಣೆಯಲ್ಲಿ ನಿಂತು ಮಾತಾಡುತ್ತಿದ್ದೆ.

ವಲಯ ಎರಡು ಅಂದರೆ ಏನು ಅಂತ ಇಲ್ಲಿಯವರನ್ನು ಕೇಳಿ. 2018ರ ಮೇ 3ರಂದು ಲೆಯಿಲಾನಿ ಬಡಾವಣೆಯಲ್ಲಿ ಮನೆಗಳ ನಡುವೆ ರಸ್ತೆ ಬಿರಿದು ಲಾವಾ ಬಂತು. ಒಟ್ಟು 24 ಬಿರುಕು. 700ಕ್ಕೂ ಹೆಚ್ಚು ಮನೆ ಹೋದವು. ಅದು ವಲಯ ಒಂದು, ನಿಜ. ಆದರೆ ಹರಿಯುವ ಲಾವಾ ಅಲ್ಲೇ ನಿಲ್ಲುವುದಿಲ್ಲವಲ್ಲ, ಕಪೋಹೋ ಕೊಲ್ಲಿಯನ್ನೇ ತುಂಬಿ ಸಮುದ್ರ ಸೇರಿತು. ಅದಕ್ಕೂ ಮುಂಚೆ 1990ರಲ್ಲಿ ಕಲಾಪನಾ ಊರು ಹೋಯಿತು. 2014ರಲ್ಲಿ ಪಹೋವಾದ ಅಂಚಿನವರೆಗೆ ಬಂದು ನಿಂತಿತು. ಪಕ್ಕದ ಮನೆ ಆಂಟಿಯ ತಂಗಿ 2018ರಲ್ಲಿ ಮನೆ ಬಿಡುವಾಗ ನೆಲ ಗುಡಿಸಿ, ಹೊಸಿಲಲ್ಲಿ ಟೀ ಎಲೆ (ಚಹಾದ್ದಲ್ಲ, ಇಲ್ಲಿಯವರು ಪವಿತ್ರ ಅನ್ನುವ ti ಗಿಡದ್ದು) ಇಟ್ಟು ಕೈಮುಗಿದು ಬಂದರಂತೆ. ಜ್ವಾಲಾಮುಖಿಯ ದೇವಿ ಪೆಲೆ ಬರುತ್ತಾಳೆ, ಮನೆ ಗಲೀಜಾಗಿರಬಾರದು ಅಂತ.

ಇದನ್ನು ಯಾಕೆ ಹೇಳಿದೆ ಅಂದರೆ, ವಲಯದ ಬಗ್ಗೆ ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಇದು: "ಲಾವಾ ನಕ್ಷೆ ಓದುವುದಿಲ್ಲ. ಗೆರೆ ಅಲ್ಲೇ ಹತ್ತಿರ ಹೋಗುತ್ತದೆ. ಪೆಲೆ ಕೆಲವರನ್ನು ಇಟ್ಟುಕೊಳ್ಳುತ್ತಾಳೆ, ಕೆಲವರನ್ನು ವಾಪಸ್ ಕಳಿಸುತ್ತಾಳೆ. ಪುನಾ ಎಲ್ಲರಿಗೂ ಆಗಿಬರುವುದಿಲ್ಲ." ಅವನೂ ಹೊರಗಿನಿಂದ ಬಂದವನೇ, ಇಲ್ಲಿಯವನಲ್ಲ. ಮನೆ ಕಳೆದುಕೊಂಡವರು ಕೈಮುಗಿಯುವ ದೇವಿಯನ್ನು ತನ್ನ ಸುಳ್ಳಿಗೆ ಅಡ್ಡ ಹಿಡಿದ. ನಾನು ದೇವರಿಗೆ ದೀಪ ಹಚ್ಚುವವಳು, ಇದನ್ನು ಮಾತ್ರ ಕ್ಷಮಿಸಲಾರೆ. ಪರ್ಮಿಟ್ಟಿನ ಬಗ್ಗೆ ಕೇಳಿದಾಗ: "ಇಲ್ಲಿ ಅರ್ಧ ಜನರದ್ದು ಹೀಗೇ. ನೀವು ಇದ್ದದ್ದು ಇದ್ದ ಹಾಗೆ ಅಂತ ಸಹಿ ಹಾಕಿದ್ದೀರಿ." ಆಮೇಲೆ ಬ್ಲಾಕ್ ಮಾಡಿದ.

ವಕೀಲರ ಹತ್ತಿರ ಹೋದೆವು. ಕೇಸು ಹಾಕಬಹುದು, ಗೆದ್ದರೂ ವಸೂಲಿ ಕಷ್ಟ, ಫೀಸು ಮಾತ್ರ ಖಂಡಿತ ಅಂದರು. ಲೈನರ್, ಪಂಪು, ಯುವಿ ಫಿಲ್ಟರ್ ಹಾಕಿಸಿದೆವು. ಮನೆಯನ್ನು ದಾಖಲೆಗೆ ತರುವ ಅರ್ಜಿ ಓಡುತ್ತಿದೆ, ನಕ್ಷೆ ಮಾಡಿಕೊಡಲು ವಾಸ್ತುಶಿಲ್ಪಿ ಬೇಕು, ವಯರಿಂಗ್ ಪೂರ್ತಿ ಕಿತ್ತು ಹಾಕಬೇಕಂತೆ. ಇವರು ಒಂದು ದಿನವೂ ನನ್ನನ್ನು ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ದ್ವೀಪ ಕೆಟ್ಟದ್ದು ಅನ್ನುತ್ತಿಲ್ಲ. ಆಂಟಿಯಂಥ ನೆರೆಯವರು ನನಗೆ ಸ್ಯಾನ್ ಹೋಸೆಯಲ್ಲಿ ಸಿಕ್ಕಿರಲಿಲ್ಲ. ಆದರೆ ಇಲ್ಲಿ ಒಂದು ಬೀದಿಯಂತೆ ಇನ್ನೊಂದಿಲ್ಲ. ಒಂದು ಬೀದಿಗೆ ಕೊಳಾಯಿ ನೀರು ಬರುತ್ತದೆ, ಮುಂದಿನದಕ್ಕೆ ಇಲ್ಲ. ಒಂದರಲ್ಲಿ ಮಣ್ಣಿದೆ, ಮುಂದಿನದರಲ್ಲಿ ಬುಲ್ಡೋಜರಿಗೂ ಬಗ್ಗದ ಬಂಡೆ. ಟಿಎಂಕೆ ಸಂಖ್ಯೆ ಕೇಳಿ ಕೌಂಟಿಯ ಆಸ್ತಿ ದಾಖಲೆಯಲ್ಲಿ ಪರ್ಮಿಟ್ ನೀವೇ ನೋಡಿ, ಲಾವಾ ವಲಯ ನೀವೇ ನಕ್ಷೆಯಲ್ಲಿ ನೋಡಿ, ಮಾರುವವನ ಬಾಯಿಂದ ಕೇಳಬೇಡಿ. ದುಡ್ಡು ಕೊಡುವ ಮೊದಲು ವಿಮೆಯವರಿಗೆ ಫೋನ್ ಮಾಡಿ, ನಗದು ಕೊಡುವವರಾದರೂ ಮಾಡಿ, ನಗದು ಕೊಡುವವರೇ ಮಾಡಬೇಕು. ಅದೇ ಬೀದಿಯಲ್ಲಿ ಎರಡು ರಾತ್ರಿ ಬಾಡಿಗೆಗೆ ಮಲಗಿ. ಕಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರಿ ಗಿಡಗಳ ಬುಡದಲ್ಲಿ ಒಂದು ಗಂಟೆ ಇಟ್ಟು ನೋಡಿ, ಇರುವೆ ಇದ್ದರೆ ಬಂದೇ ಬರುತ್ತದೆ. ಅವಸರ ಮಾಡುವವನಿಗೆ "ಆರೆಗನ್ನಿನವರಿಗೇ ಕೊಡಿ" ಅನ್ನಿ.

ಆ ಕುಟುಂಬ ಕಳಿಸಿದ ಜಾಹೀರಾತು ನಮ್ಮದರಿಂದ ಎರಡು ಬೀದಿ ಆಚೆಯದು. ಮರದ ಮನೆ, ತಗಡಿನ ಮಾಡು. ಮೂರನೇ ಚಿತ್ರದಲ್ಲಿ ಮುಚ್ಚಳ ತೆರೆದ ಟ್ಯಾಂಕ್, ಅಂಚಿನವರೆಗೂ ನೀರು. ಅವರಿಗೆ ನಾನು ಲಾರಿಯ ಅಂಕಲ್ ನಂಬರ್ ಕಳಿಸಿದ್ದೇನೆ.