ಮಿಗೆಲ್ ಎರ್ನಾಂಡೆಸ್: ಯಾವ ಪುಸ್ತಕದಿಂದ ಶುರು ಮಾಡೋದು?

ಸ್ಪೇನಿನ ಕವಿ ಮಿಗೆಲ್ ಎರ್ನಾಂಡೆಸ್ ಬದುಕಿದ್ದು ಬರೀ 31 ವರ್ಷ. ಅಷ್ಟರಲ್ಲೇ ಅವನ ಬರವಣಿಗೆ ಎಷ್ಟು ಸಲ ಮಗ್ಗುಲು ಬದಲಿಸಿತು ಅಂದರೆ, ಮೊದಲು ಕೈಗೆ ಬರುವ ಪುಸ್ತಕದ ಮೇಲೆ ಅವನು ನಮಗೆ ಹಿಡಿಸುವುದೂ ಬಿಡುವುದೂ ನಿಂತಿದೆ. ಒಂದು ಪುಟದಲ್ಲಿ ಸ್ಪ್ಯಾನಿಷ್, ಎದುರು ಪುಟದಲ್ಲಿ ಇಂಗ್ಲಿಷ್ ಇರುವ ಸಂಕಲನಗಳನ್ನು ಇಟ್ಟುಕೊಂಡು ಅವನ ನಾಲ್ಕು ಪುಸ್ತಕಗಳನ್ನು ಗಟ್ಟಿಯಾಗಿ ಓದಿಕೊಂಡು ನೋಡಿದ್ದೇನೆ.

ಬರೆದ ಕ್ರಮದಲ್ಲೇ ಓದುವವರಿಗೆ ಮೊದಲು ಸಿಗುವುದು 1933ರ 'ಪೆರೀತೊ ಎನ್ ಲೂನಾಸ್'. ಎಂಟೆಂಟು ಸಾಲಿನ 42 ಪದ್ಯಗಳು, ಒಂದೊಂದೂ ಒಗಟು. ಒರಿವೆಲಾ ಊರಿನಲ್ಲಿ ಅಪ್ಪನ ಮೇಕೆ ಕಾಯುತ್ತಿದ್ದ ಹುಡುಗ, ಶಾಲೆ ಅರ್ಧಕ್ಕೇ ಬಿಟ್ಟವನು, ಹಳೆಯ ಕವಿ ಗೊಂಗೊರನನ್ನು ಓದಿ ಇದನ್ನು ಕಟ್ಟಿದ. ಖರ್ಜೂರದ ಮರಕ್ಕೆ 'ನಡೆ ಕಂಬವೇ, ಕಾರಂಜಿಯಾಗಿ ಮುಗಿ' ಅನ್ನುತ್ತಾನೆ. ಕೆಳಗೆ ನೆಟ್ಟಗಿನ ಕಾಂಡ, ಮೇಲೆ ಚಿಮ್ಮಿ ಬಾಗಿದ ಗರಿ! ಕಂಡಾಗ ಖುಷಿಯಾಗುತ್ತದೆ ನಿಜ. ಆದರೆ ಹತ್ತು ಒಗಟು ಬಿಡಿಸುವಷ್ಟರಲ್ಲಿ ತಲೆ ದಣಿಯುತ್ತದೆ. ಇಲ್ಲಿ ಜಾಣ್ಮೆ ಕಾಣುತ್ತದೆ, ಮನುಷ್ಯ ಇನ್ನೂ ಕಾಣುವುದಿಲ್ಲ.

1936ರ 'ಎಲ್ ರಾಯೊ ಕೆ ನೊ ಸೆಸಾ' ಹಾಗಲ್ಲ. ಹೆಚ್ಚಿನವು ಸಾನೆಟ್‌ಗಳು, ಅಂದರೆ ಹದಿನಾಲ್ಕು ಸಾಲಿನ ಪದ್ಯಗಳು, ಪ್ರೀತಿಯ ಸಂಕಟದವು. ಪ್ರೀತಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೆಳೆಯ ರಾಮೋನ್ ಸಿಹೆಗೆ ಬರೆದ ಶೋಕಗೀತೆ. ಸಿಹೆ 1935ರ ಡಿಸೆಂಬರ್‌ನಲ್ಲಿ, 22 ವರ್ಷಕ್ಕೇ ತೀರಿಕೊಂಡ. ನೀನು ಮಲಗಿರುವ ಮಣ್ಣಿಗೆ ಅಳುತ್ತಾ ತೋಟಗಾರನಾಗುತ್ತೇನೆ ಅಂತ ಶುರುವಾಗುವ ಪದ್ಯ, ಹೋಗ್ತಾ ಹೋಗ್ತಾ ಹಲ್ಲಿನಿಂದ ನೆಲ ಬಗೆಯುತ್ತೇನೆ ಅನ್ನುವ ಮಟ್ಟಕ್ಕೆ ಕೆರಳುತ್ತದೆ. ಇಡೀ ಪುಸ್ತಕ ಬೇಡ ಅನ್ನುವವರು ಇದೊಂದನ್ನಾದರೂ ಓದಬೇಕು.

1937ರ 'ವಿಯೆಂತೊ ದೆಲ್ ಪ್ವೆಬ್ಲೊ' ಅಂತರ್ಯುದ್ಧದ ಪುಸ್ತಕ. ಆಗ ಅವನು ಫ್ರಾಂಕೊನ ಬಂಡಾಯ ಪಡೆಯ ವಿರುದ್ಧ ಗಣರಾಜ್ಯದ ಸೈನ್ಯದಲ್ಲಿದ್ದ. ಇದು ಕೂಗಿ ಹೇಳುವ ಕವಿತೆ, ಕೋಣೆಯಲ್ಲಿ ಒಬ್ಬರೇ ಕೂತು ಓದಿದರೆ ಅರ್ಧ ಮಾತ್ರ ತಲುಪುತ್ತದೆ. ಉಳುಮೆಗೆ ಹೂಡಿದ ಪುಟ್ಟ ಹುಡುಗನ ಪದ್ಯ ಮಾತ್ರ ಹೇಗೆ ಓದಿದರೂ ಚುಚ್ಚುತ್ತದೆ.

ನನ್ನ ಆಯ್ಕೆ ಕೊನೆಯದು: 'ಕಾನ್ಸಿಯೊನೆರೊ ಇ ರೊಮಾನ್ಸೆರೊ ದೆ ಔಸೆನ್ಸಿಯಾಸ್'. ಯುದ್ಧದಲ್ಲಿ ಗಣರಾಜ್ಯ ಸೋತ ಮೇಲೆ ಅವನು ಸೆರೆಯಾದ. ಇದು ಬಹುಪಾಲು ಜೈಲಿನಲ್ಲಿ ಬರೆದದ್ದು, ಅಚ್ಚಾಗಿದ್ದು ಅವನು ಸತ್ತ ಎಷ್ಟೋ ವರ್ಷದ ಮೇಲೆ. ಒಗಟೂ ಇಲ್ಲ, ಕೂಗೂ ಇಲ್ಲ. ನಾಲ್ಕೈದು ಸಾಲಿನ ಪುಟ್ಟ ಹಾಡುಗಳು, ಬರೀ ಪ್ರೀತಿ, ಸಾವು, ಬದುಕು. ಮೊದಲ ಮಗ ಹತ್ತು ತಿಂಗಳ ಕೂಸಾಗಿದ್ದಾಗಲೇ ಹೋಗಿದ್ದ. ಎರಡನೆಯವನು ಇನ್ನೂ ಮೊಲೆಹಾಲು ಕುಡಿಯುತ್ತಿದ್ದಾಗ ಹೆಂಡತಿ ಹೊಸೆಫಿನಾ ಕಾಗದ ಬರೆದಳು, ತಿನ್ನಲು ಬ್ರೆಡ್ಡು ಈರುಳ್ಳಿ ಬಿಟ್ಟರೆ ಏನೂ ಇಲ್ಲ ಅಂತ. ಮ್ಯಾಡ್ರಿಡ್‌ನ ಜೈಲಿನಿಂದ 1939ರ ಸೆಪ್ಟೆಂಬರ್‌ನಲ್ಲಿ ಅವನು ತಿರುಗಿ ಕಳಿಸಿದ್ದು 'ನಾನಾಸ್ ದೆ ಲಾ ಸೆಬೊಯಾ', ಈರುಳ್ಳಿಯ ಜೋಗುಳ. ಈಗ ಈ ಪುಸ್ತಕದ ಜೊತೆಗೇ ಅಚ್ಚಾಗುತ್ತದೆ.

ಈ ಜೋಗುಳದಲ್ಲಿ ಹಸಿವಿನ ಬಗ್ಗೆ ಗೋಳಾಟ ಇಲ್ಲ. ಮಗುವಿಗೆ ನಗು, ನಗುತ್ತಲೇ ಇರು ಅನ್ನುತ್ತಾನೆ. ಎಂಟನೇ ತಿಂಗಳಿಗೆ ಹುಟ್ಟಿದ ಐದು ಹಲ್ಲು ಒಮ್ಮೆ ಕಿತ್ತಳೆ ಹೂವಾಗುತ್ತವೆ, ಒಮ್ಮೆ ಎಳೆ ಮಲ್ಲಿಗೆ, ನಡುವೆ 'ಐದು ಪುಟ್ಟ ಕ್ರೌರ್ಯ'. ಹಾಲೂಡಿಸುವ ತಾಯಿಗೆ ಆ ಹಲ್ಲು ಏನು ಅಂತ ಗೊತ್ತಲ್ವಾ? ಆ ಮಗುವಿನ ಜೊತೆ ಅವನು ಹೆಚ್ಚು ದಿನ ಬಾಳಲಿಲ್ಲ. ಅವನಿಗೆ ವಿಧಿಸಿದ್ದ ಮರಣದಂಡನೆ 30 ವರ್ಷದ ಸಜೆಯಾಯಿತು, 1942ರ ಮಾರ್ಚ್ 28ರಂದು ಅಲಿಕಾಂತೆಯ ಜೈಲಿನಲ್ಲಿ ಕ್ಷಯ ಅವನನ್ನು ಕೊಂಡೊಯ್ದಿತು.

ಈ ಜೋಗುಳವನ್ನು ಸ್ಪೇನಿನ ಹಾಡುಗಾರ ಜೊಆನ್ ಮಾನುವೆಲ್ ಸೆರ್ರಾತ್ 1972ರಲ್ಲಿ ಹಾಡಿದ್ದಾನೆ. ಹಾಡು ಚೆನ್ನಾಗಿದೆ, ಆದರೂ ಮೊದಲು ಓದಿ, ಆಮೇಲೆ ಕೇಳಿ. ಪದ್ಯದ ಛಂದಸ್ಸು ಸೆಗಿದಿಯಾ, ಜನ ಕುಣಿಯುವ ಹಾಡಿನ ಲಯ, ಏಳು ಐದು ಅಕ್ಷರದ ಚುಟುಕು ಸಾಲು. ಸೆರ್ರಾತ್ ಹಾಡಿದ ರಾಗ ನಿಧಾನ. ಅದು ಮೊದಲೇ ಕಿವಿಯಲ್ಲಿ ಕೂತರೆ, ಮಗುವನ್ನು ನಗಿಸಲು ಆ ಅಪ್ಪ ಹಾಕಿದ ಚುರುಕು ತಾಳ ಸಿಗುವುದಿಲ್ಲ.