ವಿ-ಕ್ರಾಸ್‌ಗೆ ಹಿಂದಿನ ಡಿಫ್ ಲಾಕ್ ಹಾಕಿಸಿ ಐದು ಮಳೆಗಾಲ

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಟಾರ್ ರಸ್ತೆ ಬಿಟ್ಟ ಮೇಲೆ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಹಳ್ಳ ದಾಟಿದ ಕೂಡಲೇ ಏರು, ಏರಿನ ನಡುವೆ ಒಂದು ತಿರುವು. ಮಳೆಗಾಲದಲ್ಲಿ ಗಾಡಿ ನಿಲ್ಲುವುದಿದ್ದರೆ ಅಲ್ಲೇ.

ನನ್ನದು 2017ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್. 2.5 ಲೀಟರ್ ಡೀಸೆಲ್, ಫೋರ್ ವೀಲ್ ಡ್ರೈವ್, ಲೋ ಗೇರ್ ಎಲ್ಲ ಇದೆ. ಒಂದು ಆಕ್ಸೆಲ್‌ನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ಡಿಫ್ ಲಾಕ್ ಮಾತ್ರ ಇರಲಿಲ್ಲ. ವಾರಂಟಿ ಮುಗಿದ ಮೇಲೆ, 2021ರ ಫೆಬ್ರವರಿಯಲ್ಲಿ, ಕೊಯ್ಲಿನ ಕೆಲಸ ಒಂದು ಹಂತಕ್ಕೆ ಬಂದಾಗ ಹಿಂದಿನ ಆಕ್ಸೆಲ್‌ಗೆ ಎಆರ್‌ಬಿ ಕಂಪನಿಯ ಏರ್ ಲಾಕರ್, ಅಂದರೆ ಗಾಳಿಯ ಒತ್ತಡದಲ್ಲಿ ಬೀಳುವ ಡಿಫ್ ಲಾಕ್, ಹಾಕಿಸಿದೆ. ಆಮೇಲೆ ಐದು ಮಳೆಗಾಲ ಕಳೆದಿವೆ. ಹಾಕಿಸಬೇಕಾ, ಯಾವುದು ಹಾಕಿಸಬೇಕು ಅಂತ ತುಂಬಾ ಜನ ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ತಿರುವಿನ ವಿಷಯ. ಮುಂದಿನ ಎಡ ಚಕ್ರ ಒಳಬದಿಯ ದಿಬ್ಬ ಹತ್ತುತ್ತದೆ. ಆಗ ಮುಂದಿನ ಬಲ ಚಕ್ರ ಮತ್ತು ಹಿಂದಿನ ಎಡ ಚಕ್ರದ ಮೇಲೆ ಭಾರವೇ ಇರುವುದಿಲ್ಲ. ಅವೆರಡೂ ಸುಮ್ನೆ ಗಿರಗಿರ ತಿರುಗುತ್ತವೆ. ನೆಲ ಹಿಡಿದಿರುವ ಉಳಿದೆರಡು ಚಕ್ರ ಅಲ್ಲಾಡುವುದೇ ಇಲ್ಲ. ಫೋರ್ ವೀಲ್ ಹಾಕಿದ್ದರೂ ಗಾಡಿ ಒಂದು ಅಡಿ ಮುಂದೆ ಹೋಗುವುದಿಲ್ಲ.

ಕಾರಣ ಡಿಫರೆನ್ಷಿಯಲ್‌ನ, ಅಂದರೆ ಆಕ್ಸೆಲ್ ನಡುವೆ ಕೂತು ಎರಡು ಚಕ್ರಕ್ಕೂ ಎಳೆತ ಹಂಚುವ ಗೇರುಗಳ, ಸ್ವಭಾವ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಿನದು ಕಡಿಮೆ. ಅದಕ್ಕೇ ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುತ್ತದೆ. ಆದರೆ ಎಳೆತವನ್ನು ಎರಡಕ್ಕೂ ಸಮನಾಗಿಯೇ ಹಂಚುತ್ತದೆ. ಜಾರುವ ಚಕ್ರ ಎಷ್ಟು ತಡೆಯುತ್ತದೋ ಅಷ್ಟೇ ಇನ್ನೊಂದಕ್ಕೂ ಸಿಗುವುದು. ಗಾಳಿಯಲ್ಲಿರುವ ಚಕ್ರ ಏನನ್ನೂ ತಡೆಯುವುದಿಲ್ಲ, ಹಾಗಾಗಿ ಇನ್ನೊಂದಕ್ಕೂ ಏನೂ ಸಿಗುವುದಿಲ್ಲ. ಟ್ರ್ಯಾಕ್ಟರ್ ಓಡಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗದ್ದೆಯಲ್ಲಿ ಒಂದು ಚಕ್ರ ಹೂತಾಗ ಕಾಲಿನಲ್ಲಿ ಒತ್ತುವ ಆ ಪೆಡಲ್ ಇದೆಯಲ್ಲ, ಅದೇ ಡಿಫ್ ಲಾಕ್. ಎರಡು ಚಕ್ರವನ್ನೂ ಒಂದೇ ಸರಳಿಗೆ ಬೆಸೆದ ಹಾಗೆ ಮಾಡುತ್ತದೆ.

ಲಾಕ್‌ಗಳಲ್ಲಿ ಹಲವು ಬಗೆ. ಆರಿಸುವಾಗ ನಾನು ನೋಡಿದ್ದು ಒಂದೇ. ವರ್ಷದಲ್ಲಿ ಗಾಡಿ ಜಾಸ್ತಿ ಎಲ್ಲಿ ಓಡುತ್ತದೆ? ನನ್ನದು ಹೆಚ್ಚಾಗಿ ಟಾರ್ ಮೇಲೇ ಓಡುತ್ತದೆ. ಚಿಕ್ಕಮಗಳೂರಿಗೆ, ಇಲ್ಲವೇ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ. ಕಾಫಿ ಚೀಲ ಇಳಿಸಿ ಬರುವಾಗ ಹಿಂದೆ ಖಾಲಿ. ಖಾಲಿ ಪಿಕಪ್ ಹಿಂದುಗಡೆ ಎಷ್ಟು ಹಗುರ ಅಂತ ಓಡಿಸಿದವರಿಗೆ ಗೊತ್ತು. ಆಟೊಮ್ಯಾಟಿಕ್ ಲಾಕರ್‌ನಲ್ಲಿ ಲಾಕ್ ತಾನಾಗಿಯೇ ಬೀಳುತ್ತದೆ, ತಿರುವಿನಲ್ಲಿ ತಾನಾಗಿಯೇ ಬಿಡುತ್ತದೆ. ಬೆಲೆ ಕಡಿಮೆ, ವೈರು ಪೈಪು ಯಾವುದೂ ಬೇಡ. ಆದರೆ ತಿರುವಿನ ಮಧ್ಯೆ ಆಕ್ಸಿಲರೇಟರ್ ಒತ್ತಿದರೆ ಎರಡೂ ಚಕ್ರ ಒಂದಾಗಿ ಎಳೆಯುತ್ತವೆ. ಚಾರ್ಮಾಡಿಯ ಒದ್ದೆ ತಿರುವುಗಳಲ್ಲಿ, ಮಂಜಿನಲ್ಲಿ, ಹಗುರ ಗಾಡಿಯಲ್ಲಿ ಅದು ನನಗೆ ಬೇಡ ಅನ್ನಿಸಿತು. ತೋಟದೊಳಗೇ ಓಡುವ ಹಳೇ ಜೀಪಿಗಾದರೆ ಧಾರಾಳವಾಗಿ ಹಾಕಬಹುದು.

ಒಂದು ಚಕ್ರ ಜಾರುವುದನ್ನು ಸ್ವಲ್ಪ ಮಟ್ಟಿಗೆ ಮಾತ್ರ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫ್ ಟಾರಿಗೂ ಜಲ್ಲಿ ರಸ್ತೆಗೂ ಒಳ್ಳೆಯದು. ಚಕ್ರ ಪೂರ್ತಿ ನೆಲ ಬಿಟ್ಟಾಗ ಅದರ ಕೈ ಸಾಲದು. ಒಳಗಿನ ಪ್ಲೇಟುಗಳೂ ವರ್ಷ ಕಳೆದಂತೆ ಸವೆಯುತ್ತವೆ.

ನಮ್ಮ ಭಾವನ ಥಾರ್‌ನಲ್ಲಿ ಇನ್ನೊಂದು ಬಗೆ ಇದೆ, ಮೆಕ್ಯಾನಿಕಲ್ ಲಾಕಿಂಗ್. ಎರಡು ಚಕ್ರಗಳ ವೇಗದಲ್ಲಿ ದೊಡ್ಡ ವ್ಯತ್ಯಾಸ ಬಂದ ಕೂಡಲೇ ತಾನಾಗಿ ಬೀಳುತ್ತದೆ. ವೇಗವಾಗಿ ಹೋಗುವಾಗ ಬೀಳುವುದಿಲ್ಲ. ಡ್ರೈವರ್ ಏನೂ ಮಾಡಬೇಕಾಗಿಲ್ಲ, ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೇ ವಿಷಯ, ಬೀಳಬೇಕಾದರೆ ಮೊದಲು ಚಕ್ರ ತಿರುಗಬೇಕು. ಹಸಿ ಮಣ್ಣಿನಲ್ಲಿ ಚಕ್ರ ತಿರುಗಿತು ಅಂದರೆ ಗುಂಡಿ ಶುರುವಾಯಿತು ಅಂತಲೇ. ನನಗೆ ತಿರುವಿಗೆ ಮುಂಚೆಯೇ ಲಾಕ್ ಬೇಕಿತ್ತು. ಹಾಗಾಗಿ ಸ್ವಿಚ್ ಇರುವುದನ್ನೇ ಆರಿಸಿದೆ.

ಸ್ವಿಚ್ಚಿನದರಲ್ಲಿ ಕರೆಂಟಿನದು, ಗಾಳಿಯದು ಎರಡೂ ಉಂಟು. ಕರೆಂಟಿನದರಲ್ಲಿ ತೊಡಕು ಕಡಿಮೆ, ಕಂಪ್ರೆಸರ್ ಬೇಡ. ಗಾಳಿಯದನ್ನು ತೆಗೆದುಕೊಂಡದ್ದಕ್ಕೆ ನನ್ನ ಕಾರಣ ಆ ಕಂಪ್ರೆಸರ್ರೇ. ಕೆಸರಿಗೆ ಇಳಿಯುವ ಮುಂಚೆ ಟಯರ್ ಗಾಳಿ ಇಳಿಸಿ, ಟಾರ್ ಹತ್ತಿದ ಮೇಲೆ ಅಲ್ಲೇ ತುಂಬಿಸಬಹುದು. ಈ ಐದು ವರ್ಷದಲ್ಲಿ ಲಾಕ್‌ಗಿಂತ ಟಯರಿಗೇ ಅದನ್ನು ಜಾಸ್ತಿ ಬಳಸಿದ್ದೇನೆ. ಲಾಕರ್, ಕಂಪ್ರೆಸರ್, ಬೇರಿಂಗ್, ಕೂಲಿ ಎಲ್ಲ ಸೇರಿ ನನಗೆ ಒಂದೂವರೆ ಲಕ್ಷದ ಹತ್ತಿರ ಆಯಿತು. ಸಣ್ಣ ಮೊತ್ತ ಅಲ್ಲ.

ಫಿಟ್ಟಿಂಗ್‌ಗೆ ಬೆಂಗಳೂರಿಗೆ ಹೋಗಿದ್ದೆ. ಎರಡು ದಿನ ಪಕ್ಕದಲ್ಲೇ ನಿಂತು ನೋಡಿದೆ. ಲಾಕರ್ ಕೂರಿಸುವುದಕ್ಕಿಂತ ಡಿಫ್ ಒಳಗೆ ಒಂದಕ್ಕೊಂದು ಕಚ್ಚಿಕೊಳ್ಳುವ ಎರಡು ಹಲ್ಲಿನ ಗೇರು, ಕ್ರೌನು ಪಿನಿಯನ್ನು, ಸರಿಯಾಗಿ ಕೂರಿಸುವುದೇ ದೊಡ್ಡ ಕೆಲಸ. ಮೇಸ್ತ್ರಿ ಕ್ರೌನಿನ ಹಲ್ಲುಗಳಿಗೆ ಹಳದಿ ಪೇಸ್ಟ್ ಹಚ್ಚಿ ಕೈಯಲ್ಲೇ ತಿರುಗಿಸಿದರು. ಪಿನಿಯನ್ ತಾಗಿದ ಕಡೆ ಪೇಸ್ಟ್ ಒರೆಸಿಹೋಗಿ ಗುರುತು ಬಿದ್ದಿತ್ತು. ಗುರುತು ಹಲ್ಲಿನ ತುದಿಗೆ ಹತ್ತಿರ ಇತ್ತು. "ಹೀಗೇ ಬಿಟ್ರೆ ಆರು ತಿಂಗಳಲ್ಲಿ ಕೂಗೋಕೆ ಶುರು ಮಾಡತ್ತೆ ಸಾರ್" ಅಂದರು. ಬಿಚ್ಚಿದರು, ಅಂತರ ಹೊಂದಿಸುವ ತೆಳು ಬಿಲ್ಲೆ, ಶಿಮ್, ಬದಲಾಯಿಸಿದರು, ಮತ್ತೆ ಹಚ್ಚಿದರು. ಗುರುತು ಹಲ್ಲಿನ ನಡುವಿಗೆ ಬರುವ ತನಕ ನಾಲ್ಕು ಸಲ ಹೀಗೇ. ಆಮೇಲೆ ಡಯಲ್ ಗೇಜ್ ಇಟ್ಟು ಹಲ್ಲಿನ ಸಡಿಲ ಅಳೆದರು. ನಿಮ್ಮ ಗ್ಯಾರೇಜಿನಲ್ಲಿ ಪೇಸ್ಟೂ ಇಲ್ಲ, ಗೇಜೂ ಇಲ್ಲ ಅಂದರೆ ದಯವಿಟ್ಟು ಅಲ್ಲಿ ಡಿಫ್ ಬಿಚ್ಚಿಸಬೇಡಿ. ನನ್ನ ಡಿಫ್ ಇವತ್ತಿಗೂ ಸದ್ದು ಮಾಡಿಲ್ಲ.

ತೊಂದರೆ ಬಂದದ್ದು ಗಾಳಿ ಪೈಪಿನಲ್ಲಿ. ಅದನ್ನು ಸೈಲೆನ್ಸರ್ ಪೈಪಿಗೆ ತೀರಾ ಹತ್ತಿರ ಕಟ್ಟಿದ್ದರು. ಎರಡನೇ ಮಳೆಗಾಲದಲ್ಲಿ ಕರಗಿ ತೂತಾಯಿತು. ಸ್ವಿಚ್ ಒತ್ತಿದೆ, ದೀಪ ಹತ್ತಿತು, ಲಾಕ್ ಬೀಳಲಿಲ್ಲ. ದೀಪ ಹತ್ತಿದ ಮಾತ್ರಕ್ಕೆ ಲಾಕ್ ಬಿದ್ದಿದೆ ಅಂತಲ್ಲ ಅಂತ ಅವತ್ತು ಗೊತ್ತಾಯಿತು. ಕಂಪ್ರೆಸರ್ ನಿಲ್ಲದೆ ಟರ್ ಅಂತ ಓಡುತ್ತಲೇ ಇದ್ದರೆ ಎಲ್ಲೋ ಗಾಳಿ ಸೋರುತ್ತಿದೆ ಅಂತ ತಿಳಿಯಿರಿ. ಪೈಪನ್ನು ಚಾಸಿಯ ಇನ್ನೊಂದು ಬದಿಯಿಂದ ತಂದ ಮೇಲೆ ಆ ತಾಪತ್ರಯ ಇಲ್ಲ.

ಈಗ ಆ ತಿರುವು. ಹಳ್ಳದ ಈಚೆ ನಿಲ್ಲಿಸಿ ಲೋ ಗೇರ್ ಹಾಕಿ, ಲಾಕ್ ಒತ್ತಿ, ಎರಡನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತೇನೆ. ಹಿಂದಿನ ಎಡ ಚಕ್ರ ಮೇಲೇಳುತ್ತದೆ, ಹಿಂದಿನ ಬಲ ಚಕ್ರ ತಳ್ಳುತ್ತದೆ, ಗಾಡಿ ಹತ್ತುತ್ತದೆ. ಹತ್ತಿದ ಕೂಡಲೇ ಲಾಕ್ ತೆಗೆಯಬೇಕು. ಹಾಕಿಕೊಂಡೇ ಗಟ್ಟಿ ನೆಲದಲ್ಲಿ ತಿರುಗಿಸಿದರೆ ಸ್ಟೇರಿಂಗ್ ಮಾತು ಕೇಳುವುದಿಲ್ಲ, ಆಕ್ಸೆಲ್ ಮೇಲೂ ಭಾರ. ಚಕ್ರ ಜೋರಾಗಿ ತಿರುಗುತ್ತಿರುವಾಗ ಸ್ವಿಚ್ ಒತ್ತಲೇಬಾರದು. ಮುಂಚೆ ಒಂದು ಮಳೆಗಾಲಕ್ಕೆ ನಾಲ್ಕೈದು ಸಲ ಟ್ರ್ಯಾಕ್ಟರ್ ಕರೆಸಿ ಎಳೆಸುತ್ತಿದ್ದೆ. ಈ ಐದು ವರ್ಷಕ್ಕೆ ಸೇರಿ ಎರಡೇ ಸಲ.

ಆ ಎರಡರಲ್ಲಿ ಒಂದನ್ನು ಹೇಳಲೇಬೇಕು. 2023ರ ಜುಲೈ. ಹಿಂದೆ ಹನ್ನೆರಡು ಮೂಟೆ ಗೊಬ್ಬರ, ಅಂದರೆ 600 ಕೆಜಿ. ಪಕ್ಕಕ್ಕೆ ವಾಲಿದ ಜಾರು ದಾರಿಯಲ್ಲಿ ಲಾಕ್ ಹಾಕಿಕೊಂಡೇ ಹೋದೆ. ಲಾಕ್ ಇಲ್ಲದಿದ್ದರೆ ಒಂದು ಚಕ್ರ ತಿರುಗುತ್ತದೆ, ಇನ್ನೊಂದು ಸುಮ್ಮನಿದ್ದು ಗಾಡಿಯನ್ನು ಅಡ್ಡ ಜಾರದಂತೆ ಹಿಡಿದಿರುತ್ತದೆ. ಲಾಕ್ ಇದ್ದಾಗ ಎರಡೂ ಒಟ್ಟಿಗೆ ತಿರುಗುತ್ತವೆ, ಹಿಡಿಯುವವರು ಯಾರೂ ಇಲ್ಲ. ಹಿಂಭಾಗ ಮೆಲ್ಲಗೆ ಚರಂಡಿಯ ಕಡೆ ಸರಿಯಿತು. ಬ್ರೇಕ್ ಒತ್ತಿದರೂ ಸರಿಯುತ್ತಲೇ ಹೋಗಿ ಚರಂಡಿಯೊಳಗೆ ಕೂತಿತು. ಪಕ್ಕಕ್ಕೆ ವಾಲಿದ ದಾರಿಯಲ್ಲಿ ಈಗ ಲಾಕ್ ಮುಟ್ಟುವುದಿಲ್ಲ.

ಅವತ್ತು ಅಪ್ಪ ಕೊಡೆ ಹಿಡಿದು ಬಂದು ನೋಡಿ, "ಚೈನ್ ಕಟ್ಟಿದ್ರೆ ಸಾಕಿತ್ತಲ್ಲೋ" ಅಂದರು. ಅವರ ಕಾಲದ ಜೀಪುಗಳಿಗೆ ಮಳೆಗಾಲ ಬಂತು ಅಂದರೆ ಟಯರಿಗೆ ಚೈನೇ. ಅವರ ಮಾತು ಸರಿ. ಎರೆಯಂಥ ಅಂಟು ಮಣ್ಣಿನಲ್ಲಿ ನಾಲ್ಕೂ ಚಕ್ರ ಜಾರುವಾಗ ಲಾಕ್ ಏನೂ ಮಾಡಲಾರದು, ಚೈನೇ ಬೇಕು. ಆದರೆ ಚೈನು ಟಾರಿಗೆ ಬಂದ ಕೂಡಲೇ ಬಿಚ್ಚಬೇಕು, ಸುರಿಯುವ ಮಳೆಯಲ್ಲಿ ಕೆಸರಿನಲ್ಲಿ ಮಂಡಿಯೂರಬೇಕು. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ನಿಮ್ಮ ಟಯರು ಸವೆದಿದ್ದರೆ ಮೊದಲು ಆ ದುಡ್ಡಿಗೆ ಒಳ್ಳೇ ಟಯರ್ ಹಾಕಿಸಿ, ಒಂದು ಮಳೆಗಾಲ ನೋಡಿ. ಆಮೇಲೂ ಚಕ್ರ ಎದ್ದು ನಿಲ್ಲುತ್ತಿದ್ದರೆ ಲಾಕರ್ ಯೋಚಿಸಿ. ಹೊಸ ಗಾಡಿಯೇ ಕೊಳ್ಳುವವರು ಲಾಕ್ ಕಂಪನಿಯಿಂದಲೇ ಬರುವುದನ್ನು ನೋಡುವುದು ವಾಸಿ. 2022ರಲ್ಲಿ ಇಲ್ಲಿಗೆ ಬಂದ ಟೊಯೊಟಾ ಹೈಲಕ್ಸ್‌ನಲ್ಲಿ ಹಿಂದಿನ ಲಾಕ್ ಇದೆ.

ಮುಂದಿನ ಆಕ್ಸೆಲ್‌ಗೂ ಹಾಕಿಸಲ್ವಾ ಅಂತ ಕೇಳುತ್ತಾರೆ. ನಾನು ಹಾಕಿಸುವುದಿಲ್ಲ. ಸ್ಟೇರಿಂಗ್ ಕಲ್ಲಿನಂತಾಗುತ್ತದೆ, ಮುಂದಿನ ಸಣ್ಣ ಆಕ್ಸೆಲ್‌ಗಳು ಅಷ್ಟು ಭಾರಕ್ಕೆ ಮುರಿಯುವ ಭಯ ಬೇರೆ. ತೋಟದ ಕೆಲಸಕ್ಕೆ ಹಿಂದಿನದು ಸಾಕು.

ಪ್ರತಿ ಮೇ ತಿಂಗಳಲ್ಲಿ ಡಿಫ್ ಆಯಿಲ್ ಬದಲಾಯಿಸುತ್ತೇನೆ. ಬಿಸಿ ಡಿಫ್ ಹಳ್ಳದ ನೀರಿಗೆ ಇಳಿದರೆ ಒಳಕ್ಕೆ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಬ್ರೀದರ್, ಅಂದರೆ ಡಿಫ್ ಗಾಳಿಯಾಡುವ ಸಣ್ಣ ಕಿಂಡಿ, ನೋಡಿಸಿ. ಅದೇ ದಿನ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ನೆಲ ಬಿಡುವಂತೆ ಜಾಕ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸುತ್ತೇನೆ. ಹ್ಯಾಂಡ್‌ಬ್ರೇಕ್ ಬಿಟ್ಟು ಗಾಡಿಯನ್ನು ಗೇರಿನಲ್ಲಿಟ್ಟು ಒಂದು ಚಕ್ರ ಕೈಯಲ್ಲಿ ತಿರುಗಿಸಿದರೆ ಇನ್ನೊಂದು ಎದುರು ದಿಕ್ಕಿಗೆ ತಿರುಗುತ್ತದೆ. ಮಗ ಒಳಗೆ ಕೂತು ಕೀ ಆನ್ ಮಾಡಿ ಸ್ವಿಚ್ ಒತ್ತುತ್ತಾನೆ. ಕಂಪ್ರೆಸರ್ ಓಡಿ ನಿಲ್ಲುತ್ತದೆ. ಚಕ್ರವನ್ನು ಸ್ವಲ್ಪ ಅಲ್ಲಾಡಿಸಿದರೆ ಒಳಗೆ ಟಕ್ ಅನ್ನುತ್ತದೆ, ಆಮೇಲೆ ಎರಡೂ ಬಿಗಿ.